ತೋಟ ಅಡವಿಡಬೇಡಿ

ಓದುಗರ ಪತ್ರ: ಎರಡು ತಿಂಗಳ ಹಿಂದೆ ಅಪ್ಪಯ್ಯ ಕೊಟ್ಟಿಗೆಯಲ್ಲಿ ಕುಸಿದರು. ಮಿದುಳಲ್ಲಿ ರಕ್ತಸ್ರಾವ. ಬಲಗೈ ಸೋತಿದೆ, ಮಾತು ಹೊರಡುವುದಿಲ್ಲ. ಯಕ್ಷಗಾನದ ಪದ ಮಾತ್ರ ಗುನುಗುತ್ತಾರೆ. ಸ್ಟೆಮ್ ಸೆಲ್ ಕೊಟ್ಟರೆ ಮೊದಲಿನಂತಾಗುತ್ತಾರೆಂದು ಒಂದು ಕ್ಲಿನಿಕ್ಕಿನವರು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ತೋಟ ಅಡವಿಡಲೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ: ಇಡಬೇಡಿ. ಕಾರಣ ಆಮೇಲೆ ಓದಿ, ಮೊದಲು ಆ ಕಾಗದಪತ್ರಗಳನ್ನು ಪೆಟ್ಟಿಗೆಗೆ ವಾಪಸ್ ಇಡಿ.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಮಿದುಳಿನ ರಕ್ತಸ್ರಾವಕ್ಕೆ ಅದರ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವಂಥ ಅಸ್ಥಿಮಜ್ಜೆ ಕಸಿ ಬಿಟ್ಟರೆ ಉಳಿದುದೆಲ್ಲ ನೋಂದಾಯಿತ ಪ್ರಯೋಗವಾಗಿಯೇ ನಡೆಯಬೇಕು, ಅದಕ್ಕೆ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ನಿಮ್ಮಿಂದ ಲಕ್ಷ ಕೇಳಿದ್ದಾರೆಂದರೆ ಅಲ್ಲೇ ಉತ್ತರ ಸಿಕ್ಕಿತು. ದೆಹಲಿಯ ಏಮ್ಸ್‌ನವರ ನೇತೃತ್ವದಲ್ಲಿ ಐದು ಕಡೆ 120 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಅವರದು ರಕ್ತಸ್ರಾವವಲ್ಲ, ರಕ್ತನಾಳ ಕಟ್ಟಿ ಬಂದ ಲಕ್ವ. ಅರ್ಧ ಜನರಿಗೆ ಅವರದೇ ಅಸ್ಥಿಮಜ್ಜೆಯಿಂದ ತೆಗೆದ ಸ್ಟೆಮ್ ಸೆಲ್ ಕೊಟ್ಟಿದ್ದರು. ಆರು ತಿಂಗಳಿಗೆ ನೋಡಿದರೆ, ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವೇ ಇರಲಿಲ್ಲ.

ಈಗ ನಿಮ್ಮ ಕೈಯಲ್ಲಿರುವುದು ಸಮಯ. ಚೇತರಿಕೆಯ ವೇಗ ಮೊದಲ ಆರು ತಿಂಗಳಲ್ಲೇ ಹೆಚ್ಚು, ಅದರಲ್ಲಿ ಎರಡು ಕಳೆದಿದೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ದೊಡ್ಡಮ್ಮ ದಿನಾ ಮೊರದ ತುಂಬ ಅಡಿಕೆ ಹರವಿ ಎದುರಿಗಿಡುತ್ತಿದ್ದರು. ಸೋತ ಕೈಯಿಂದಲೇ ಹೆಕ್ಕಿ ಬಟ್ಟಲಿಗೆ ಹಾಕಬೇಕು. ಹಿಡಿಯುವುದು ಬೇಗ ಬಂತು, ಬಿಡುವುದೇ ಕಷ್ಟ. ಮಡಚಿದ ಬೆರಳು ಬಿಚ್ಚದೆ ಅಡಿಕೆ ಅಂಗೈಯಲ್ಲೇ ಉಳಿಯುತ್ತಿತ್ತು. ಮೊದಲ ದಿನ ಮೂರು ಬಿದ್ದವು. ಮಳೆಗಾಲ ಕಳೆಯುವ ಹೊತ್ತಿಗೆ ಲೋಟ ಎತ್ತಿ ತಾವೇ ಕಾಫಿ ಕುಡಿದರು. ಅಂಗಿಯ ಗುಂಡಿ ಕೊನೆಯವರೆಗೂ ಹಾಕಲಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆತಂದು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಮನೆಯಲ್ಲಿ ಏನೇನು ಮಾಡಿಸಬೇಕೆಂದು ಕಲಿತುಕೊಂಡು ಹೋಗಿ. ಇಂಥ ರಕ್ತಸ್ರಾವಕ್ಕೆ ದೊಡ್ಡ ಕಾರಣ ಬಿಪಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದರೆ ಬಿಡಿಸಿ, ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಊಟದ ಹತ್ತಿರ ತರಬೇಡಿ.

ಇನ್ನು ಆ ಯಕ್ಷಗಾನದ ಪದ. ನೀವು ಬೇಸರದಿಂದ ಬರೆದಿದ್ದೀರಿ, ನನಗೆ ಅದನ್ನೋದಿ ಜೀವ ಬಂತು. ಹೆಚ್ಚಿನವರಲ್ಲಿ ಮಾತಿನ ಹಿಡಿತ ಎಡ ಮಿದುಳಿನದು. ಹಾಡಿಗೆ ಬಲಭಾಗವೂ ಜತೆಗೂಡುತ್ತದೆ. ಮಾತು ಕಲಿಸುವ ಚಿಕಿತ್ಸಕರು ಇದೇ ಎಳೆ ಹಿಡಿದು ಮಾತು ಹೊರಡಿಸುತ್ತಾರೆ. ಅವರನ್ನು ಕಾಣುವ ತನಕ ನೀವೇ ಶುರುಮಾಡಿ. ಸಂಜೆ ಜಗಲಿಯಲ್ಲಿ ಅಪ್ಪಯ್ಯನ ಪಕ್ಕ ಕೂತು, ಅವರ ಎಡಗೈ ಹಿಡಿದು ತಾಳ ಹಾಕುತ್ತ, ಅವರು ಗುನುಗುವ ಧಾಟಿಯಲ್ಲೇ ‘ನೀರು ಬೇಕು’ ಎಂದು ಹಾಡಿ. ಅವರು ದನಿಗೂಡಿಸುವವರೆಗೆ ಕಾಯಿರಿ.