ಆರು ವರ್ಷದ ಹಳೇ ಹಾಗಲ ಬೀಜ ಮೊಳೆಯುತ್ತಾ?

ಮೊಳೆಯಬಹುದು, ಆದರೆ ಎಲ್ಲವೂ ಅಲ್ಲ. ಡಬ್ಬಿ ಒಣಗಿದ್ದು, ಹುಳ ಬಿದ್ದಿಲ್ಲ ಅಂದರೆ ಮೊದಲು ಹತ್ತು ಬೀಜ ಪರೀಕ್ಷಿಸಿ. ತೇಲಿದ ಬೀಜ ಎಸೆಯಬೇಡಿ. ಹಾಗಲದಲ್ಲಿ ಒಳ್ಳೇ ಬೀಜವೂ ತೇಲುತ್ತದೆ.

ಹೆಚ್ಚಿನವರು ಎಡವುವುದು ನೆನೆಹಾಕುವಾಗ. ಹಳೇ ಬೀಜವನ್ನು ನೇರ ನೀರಿಗೆ ಹಾಕಿದರೆ ಒಳಗಿನ ಜೀವಕೋಶದ ಪೊರೆ ತಡೆಯದೆ ಬಿರಿಯುತ್ತದೆ. ಸಕ್ಕರೆ ಅಂಶ ಹೊರಗೆ ಸೋರಿ, ನೀರು ಲೋಳೆಯಾಗಿ, ಬೂಸ್ಟು ಹಿಡಿಯುತ್ತದೆ. ಹಾಗಾಗಿ ಒಂದು ರಾತ್ರಿ ಚೆನ್ನಾಗಿ ಹಿಂಡಿದ ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಬೆಳಗ್ಗೆ ಬೀಜದ ಅಂಚನ್ನು ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ. ಸಿಪ್ಪೆ ತೆಳುವಾದರೆ ಸಾಕು, ಒಳಗಿನ ಬಿಳಿ ತಿರುಳಿಗೆ ತಾಗಬಾರದು. ಆಮೇಲೆ ಉಗುರುಬೆಚ್ಚನೆ ನೀರಲ್ಲಿ ಆರು ಗಂಟೆ, ಅಷ್ಟೇ. ಮತ್ತೆ ಬಟ್ಟೆಗೆ.

ಬೇಕಾದ ಶಾಖ 25ರಿಂದ 30 ಡಿಗ್ರಿ. ಕೋಲಾರ, ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಯಲ್ಲಿ ಗಂಟನ್ನು ಫ್ರಿಜ್ ಮೇಲೋ ಅಕ್ಕಿ ಡಬ್ಬಿಯೊಳಗೋ ಇಡಿ. ಫೆಬ್ರವರಿವರೆಗೆ ಕಾಯುವುದು ಇನ್ನೂ ಒಳ್ಳೇದು. ದಿನಾ ಬಿಚ್ಚಿ ಗಾಳಿ ಆಡಿಸಿ, ಮೆತ್ತಗಾದದ್ದನ್ನು ತೆಗೆಯಿರಿ. ಹೊಸ ಬೀಜ ವಾರದಲ್ಲಿ ಬಂದರೆ ಇದಕ್ಕೆ ಹದಿನೈದು ದಿನ ಕೊಡಿ.

ಅರ್ಧ ಸೆಂಟಿಮೀಟರ್ ಬೇರು ಕಂಡ ಕೂಡಲೇ ಪ್ರೋಟ್ರೇಯ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಕೋಕೋಪಿಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೇರು ಕೆಳಗಾಗಿ, ಒಂದೂವರೆ ಸೆಂಟಿಮೀಟರ್ ಆಳಕ್ಕೆ ಇಡಿ. ಗೊಬ್ಬರ ಬೇಡ. ಸಿಪ್ಪೆ ಎಲೆಗೆ ಕಚ್ಚಿಕೊಂಡೇ ಮೇಲೆ ಬಂದರೆ ಕೀಳಬೇಡಿ, ಒಂದು ಹನಿ ನೀರು ಬಿಟ್ಟು ಅರ್ಧ ಗಂಟೆ ನೆನೆಯಲು ಬಿಡಿ.

ಈರುಳ್ಳಿ ಬೀಜ ಇಷ್ಟು ಹಳೆಯದಿದ್ದರೆ ಶ್ರಮ ಬೇಡ, ಅದರ ಜೀವ ಒಂದೆರಡು ವರ್ಷಕ್ಕೇ ಹೋಗಿರುತ್ತದೆ.