‘ಯೆಲ್ಲೋ’ ಥರದ ಸ್ಲೋ ಮೋಷನ್ ವಿಡಿಯೋ: ತುಟಿ ಹಾಡಿಗೆ ಹೊಂದಬೇಕಾದರೆ

ನೀವು ಕೇಳಿದ್ದು: ನಿಮ್ಮ ಬ್ಯಾಂಡಿನ ಕನ್ನಡ ಹಾಡಿಗೆ ಮಲ್ಪೆಯಲ್ಲಿ, ಬ್ರಿಟಿಷ್ ಬ್ಯಾಂಡ್ ಕೋಲ್ಡ್‌ಪ್ಲೇಯವರ ‘ಯೆಲ್ಲೋ’ ಥರ ಒಂದೇ ಶಾಟಿನ ವಿಡಿಯೋ ಮಾಡಬೇಕು, ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದರೆ ತುಟಿ ಹಾಡಿಗೆ ಹೊಂದುತ್ತಿಲ್ಲ, ಎಡಿಟಿಂಗ್‌ನಲ್ಲಿ ಸರಿಪಡಿಸಬಹುದೇ? ಇಲ್ಲ. ಅದು ಶೂಟಿಂಗ್ ಜಾಗದಲ್ಲೇ ಮುಗಿಯಬೇಕಾದ ಕೆಲಸ.

‘ಯೆಲ್ಲೋ’ 2000ದ ಜೂನ್‌ನಲ್ಲಿ ಬಂದ ಸಿಂಗಲ್. ವಿಡಿಯೋ ತೆಗೆದದ್ದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಸ್ಟಡ್ಲೆಂಡ್ ಬೇ ಕಡಲತೀರದಲ್ಲಿ. ಗಾಯಕ ಕ್ರಿಸ್ ಮಾರ್ಟಿನ್ ಒಬ್ಬರೇ ಮಳೆಯಂಗಿ ತೊಟ್ಟು ನಾಲ್ಕೂವರೆ ನಿಮಿಷ ನಡೆಯುತ್ತ ಹಾಡುತ್ತಾರೆ, ಒಂದೂ ಕಟ್ ಇಲ್ಲ. ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ಓಡಿತ್ತು. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅವರು ಅದೇ ವೇಗಕ್ಕೆ ಹಾಡಿದ್ದರು. 25 ಫ್ರೇಮ್‌ಗೆ ಇಳಿಸಿದಾಗ ಅಲೆ, ಕೂದಲು, ನಡಿಗೆ ಎಲ್ಲ ನಿಧಾನವಾಗುತ್ತದೆ, ತುಟಿ ಮಾತ್ರ ಹಾಡಿನ ಜೊತೆಗೇ ಇರುತ್ತದೆ.

ಮೊದಲು ಅನುಪಾತ ನಿಶ್ಚಯಿಸಿ. 50 ಫ್ರೇಮ್‌ನಲ್ಲಿ ತೆಗೆದು ಎಡಿಟಿಂಗ್‌ಗೆ 25ರ ಟೈಮ್‌ಲೈನ್, ಅಥವಾ 60ರಲ್ಲಿ ತೆಗೆದು 30ರದ್ದು. ಎರಡರಲ್ಲೂ ಹಾಡಿನ ವೇಗ 200%. 60ರಲ್ಲಿ ತೆಗೆದು 24ಕ್ಕೆ ಇಳಿಸುವ ಆಸೆ ಬೇಡ, ಆಗ ಹಾಡು 250% ಆಗಬೇಕು, ಯಾವ ಬಾಯಿಗೂ ಅದು ದಕ್ಕುವುದಿಲ್ಲ. ಮೊಬೈಲಿನ ‘ಸ್ಲೋ ಮೋ’ ಮೋಡ್ ಬಿಟ್ಟು ಸಾಮಾನ್ಯ ವಿಡಿಯೋ ಮೋಡ್‌ನಲ್ಲೇ ಫ್ರೇಮ್ ರೇಟ್ ಏರಿಸಿ. ಇನ್ನೊಂದು ತೊಡಕು: ಮೊಬೈಲ್ 60 ಎಂದು ತೋರಿಸಿ 59.94 ಬರೆಯುವುದುಂಟು, ನಡುನಡುವೆ ಏರಿಳಿಯುವುದೂ ಉಂಟು. ಆ 0.1% ವ್ಯತ್ಯಾಸ ನಾಲ್ಕೂವರೆ ನಿಮಿಷದ ಕೊನೆಗೆ ಕಾಲು ಸೆಕೆಂಡ್ ದಾಟುತ್ತದೆ, ಕೊನೆಯ ಚರಣ ಡಬ್ಬಿಂಗ್ ಸಿನಿಮಾದ ಹಾಗೆ ಕಾಣುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್‌ನಲ್ಲಿ ಫ್ರೇಮ್ ರೇಟ್ ಗಟ್ಟಿಮಾಡಿ. ಈಗಾಗಲೇ ತೆಗೆದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆಯ್ದು ಒಮ್ಮೆ ಪರಿವರ್ತಿಸಿಕೊಳ್ಳಿ.

ಹಾಡಿನ ಫೈಲ್ ಹೀಗೆ: ಪೂರ್ತಿ ಮಿಕ್ಸ್ ಆದ ಹಾಡಿನ ಮುಂದೆ ಒಂದು ಬೀಪ್, ನಂತರ ಹಾಡಿನದೇ ಲಯದಲ್ಲಿ ಎಂಟು ಎಣಿಕೆಯ ಕ್ಲಿಕ್. ಇದು ಮೂಲ ಫೈಲ್. ಇದನ್ನೇ ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ‘ಚೇಂಜ್ ಟೆಂಪೋ’ಗೆ ಹಾಕಿ 100 ಶೇಕಡಾ ಏರಿಸಿ. ‘ಚೇಂಜ್ ಸ್ಪೀಡ್’ ಬೇಡ, ಶ್ರುತಿಯೂ ಒಂದು ಆಕ್ಟೇವ್ ಏರಿ ಹಾಡುವವರು ನಗುತ್ತ ನಿಂತುಬಿಡುತ್ತಾರೆ. ವೇಗ ಏರಿಸಿದ ಮೇಲೆ ಬೀಪ್ ಸೇರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಆಗ ಎಡಿಟಿಂಗ್‌ನಲ್ಲಿ ಮೂಲ ಹಾಡಿಗೂ ಚಿತ್ರಕ್ಕೂ ಗುರುತೇ ಸಿಗುವುದಿಲ್ಲ. ಬೀಪ್ ಕೇಳಿದ ಕ್ಷಣ ಕ್ಯಾಮೆರಾ ಮುಂದೆ ಯಾರಾದರೂ ಚಪ್ಪಾಳೆ ತಟ್ಟಲಿ. ಬೀಪ್ ಯಾವಾಗ ಬರುತ್ತದೆಂದು ತಟ್ಟುವವರಿಗೆ ಮೊದಲೇ ಗೊತ್ತಿರಲಿ, ತಡವಾದರೆ ಆ ತಡ ಸ್ಲೋ ಮೋಷನ್‌ನಲ್ಲಿ ಎರಡರಷ್ಟಾಗುತ್ತದೆ.

ಸ್ಪೀಕರನ್ನು ಒಂದು ಕಡೆ ಇಟ್ಟು ಅದರಿಂದ ದೂರ ನಡೆದರೆ ಕೆಟ್ಟಿತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ; ನೂರು ಮೀಟರ್ ಆಚೆ 0.3 ಸೆಕೆಂಡ್ ತಡವಾಗಿ ಕೇಳಿಸುತ್ತದೆ, ಸ್ಲೋ ಮೋಷನ್‌ನಲ್ಲಿ ಅದು 0.6 ಸೆಕೆಂಡ್. ಸ್ಪೀಕರ್ ಕ್ಯಾಮೆರಾದವರ ಜೊತೆಗೇ ಚಲಿಸಲಿ. ಗಾಳಿ, ಅಲೆಯ ಸದ್ದಿಗೆ ಸಣ್ಣ ಸ್ಪೀಕರ್ ಸಾಲದಿದ್ದರೆ, ಕ್ಯಾಮೆರಾಕ್ಕೆ ಕಾಣದ ಕಡೆಯ ಕಿವಿಗೆ ಒಂದು ಇಯರ್‌ಬಡ್.

ಹಾಡುವವರು ಮನೆಯಲ್ಲೇ ದುಪ್ಪಟ್ಟು ವೇಗಕ್ಕೆ ಬಾಯಿ ಪಳಗಿಸಿಕೊಂಡು ಬರಬೇಕು. ನೋಡುಗರ ಕಣ್ಣು ಹಿಡಿಯುವುದು ಪ, ಬ, ಮಗಳನ್ನು. ಅಲ್ಲಿ ತುಟಿ ಪೂರ್ತಿ ಮುಚ್ಚಲೇಬೇಕು. ದೀರ್ಘ ಆ, ಓಗಳು ವೇಗದಲ್ಲಿ ಅರೆಬರೆ ತೆರೆದುಕೊಳ್ಳುತ್ತವೆ, ಅತಿ ಎನಿಸುವಷ್ಟು ಬಾಯಿ ತೆರೆಯಲಿ. ಗಟ್ಟಿ ದನಿಯಲ್ಲೇ ಹಾಡಲಿ. ಬರೀ ತುಟಿ ಆಡಿಸಿದರೆ ಕತ್ತಿನ ನರ ಅಲುಗದೆ ಸುಳ್ಳು ಎದ್ದು ಕಾಣುತ್ತದೆ. ಕಣ್ಣು ಮಿಟುಕಿಸುವುದೂ ಎರಡರಷ್ಟು ಹೊತ್ತು ಹಿಡಿದು ತೂಕಡಿಸಿದ ಹಾಗಿರುತ್ತದೆ, ಆದಷ್ಟು ಸಾಲುಗಳ ನಡುವೆ ಮಿಟುಕಿಸಲಿ.

ಇಡೀ ಬ್ಯಾಂಡ್ ವಾದ್ಯ ಹಿಡಿದು ನಿಲ್ಲುವ ಯೋಚನೆಯಿದ್ದರೆ ಕೈಬಿಡಿ ಎನ್ನುತ್ತೇನೆ. 90 ಬಿಪಿಎಂನ (ನಿಮಿಷಕ್ಕೆ 90 ಬಡಿತದ) ಹಾಡಿಗೆ ಡ್ರಮ್ಮರ್ 180ರಲ್ಲಿ ಬಾರಿಸಬೇಕು, ಕೋಲು ತಪ್ಪಿದ್ದು ನಿಧಾನಗತಿಯಲ್ಲಿ ಢಾಳಾಗಿ ಕಾಣುತ್ತದೆ. ‘ಯೆಲ್ಲೋ’ಗೂ ಬಿಸಿಲಿನ ದಿನ, ಇಡೀ ತಂಡ ಎಂದೇ ಮೊದಲು ಯೋಚಿಸಿದ್ದರು, ಹವಾಮಾನ ಕೈಕೊಟ್ಟಿತು, ಡ್ರಮ್ಮರ್ ವಿಲ್ ಚಾಂಪಿಯನ್ ಅವರ ತಾಯಿಯ ಅಂತ್ಯಕ್ರಿಯೆ ಅದೇ ದಿನ ಇತ್ತು, ಕೊನೆಗೆ ಒಬ್ಬರೇ ನಡೆದರು. ವಿಡಿಯೋ ನಿಂತಿರುವುದೇ ಆ ಒಂಟಿ ನಡಿಗೆಯ ಮೇಲೆ.

ನಾಲ್ಕೂವರೆ ನಿಮಿಷದ ಹಾಡೆಂದರೆ ನಿಜದಲ್ಲಿ 2 ನಿಮಿಷ 15 ಸೆಕೆಂಡಿನ ನಡಿಗೆ. ಸೆಕೆಂಡಿಗೆ 1.2 ಮೀಟರ್ ಹಿಡಿದರೂ 160 ಮೀಟರ್ ಖಾಲಿ ತೀರ ಬೇಕು. ಅಲೆ ಬಂದು ಹೋಗುವ ಗಟ್ಟಿ ಮರಳಿನ ಮೇಲೇ ನಡೆಯಿರಿ, ಒಣ ಮರಳಿನಲ್ಲಿ ಕಾಲು ಹೂತು ಭುಜ ಕುಣಿಯುತ್ತದೆ. ಮರೆತುಹೋಗುವ ಸಂಗತಿ ಒಂದಿದೆ: ಕ್ಯಾಮೆರಾದವರು ಹಿಂದೆ ಹಿಂದೆ ನಡೆಯುವಾಗ ಬಿಟ್ಟ ಹೆಜ್ಜೆಗಳ ಮೇಲೆಯೇ ಹಾಡುವವರು ಬರುತ್ತಾರೆ, ಅವೆಲ್ಲ ಫ್ರೇಮಿನಲ್ಲಿ ಬೀಳುತ್ತವೆ. ಕ್ಯಾಮೆರಾ ಒಂದೆರಡು ಅಡಿ ದಡದ ಕಡೆಗೆ ಸರಿದು ನಡೆಯಲಿ, ಚೌಕಟ್ಟು ಸೊಂಟದಿಂದ ಮೇಲಿರಲಿ, ಎರಡನೇ ಟೇಕ್ ಹೊಸ ಪಟ್ಟಿಯಲ್ಲಾಗಲಿ. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಹಿಡಿದವರ ಬೆಲ್ಟನ್ನು ಹಿಂದಿನಿಂದ ಇನ್ನೊಬ್ಬರು ಹಿಡಿದು ದಾರಿ ತೋರಿಸಲೇಬೇಕು.

ಎಡಿಟಿಂಗ್‌ನಲ್ಲಿ ಕ್ಲಿಪ್ಪಿನ ವೇಗ 50% ಮಾಡಬೇಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ‘ಕ್ಲಿಪ್ ಆಟ್ರಿಬ್ಯೂಟ್ಸ್’ಗೆ ಹೋಗಿ ಫ್ರೇಮ್ ರೇಟ್ 25 (60ರಲ್ಲಿ ತೆಗೆದಿದ್ದರೆ 30) ಎಂದು ಬದಲಿಸಿ, ಇದ್ದ ಫ್ರೇಮ್‌ಗಳೇ ಒಂದೊಂದಾಗಿ ಬರುತ್ತವೆ. ಚಪ್ಪಾಳೆಗೆ ಮೂಲ ಫೈಲಿನ ಬೀಪ್ ಕೂಡಿಸಿ, ಆಮೇಲೆ ಏನನ್ನೂ ಎಳೆಯಬೇಡಿ.

ಇನ್ನು ‘ಯೆಲ್ಲೋ’ದಲ್ಲಿ ಕಾಣುವ, ಕತ್ತಲೆಯಿಂದ ಬೆಳಕಾಗುವ ಬಣ್ಣ. ಎರಡು ನಿಮಿಷದಲ್ಲಿ ಅಷ್ಟು ಬೆಳಗಾಗುವುದಿಲ್ಲ, ‘ಯೆಲ್ಲೋ’ದಲ್ಲೂ ಅದು ಕಲರ್ ಗ್ರೇಡಿಂಗ್‌ನ (ತೆಗೆದ ಮೇಲೆ ಬಣ್ಣ ತಿದ್ದುವ) ಕೆಲಸ. ಮೋಡದ ದಿನ ಶಟರ್ 1/100ರಲ್ಲಿಟ್ಟು, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಲಾಕ್ ಮಾಡಿ ತೆಗೆಯಿರಿ. ಆರಂಭದಲ್ಲಿ ಬೆಳಕನ್ನು ಎರಡು ಸ್ಟಾಪ್ (ಅಂದರೆ ಕಾಲು ಭಾಗಕ್ಕೆ) ಇಳಿಸಿ ನೀಲಿಗೆ ತಿರುಗಿಸಿ, ಕೀಫ್ರೇಮ್ (ಬದಲಾವಣೆಯ ಗುರುತು) ಹಾಕಿ ಕೊನೆಗೆ ಸಹಜಕ್ಕೆ ತನ್ನಿ. ನೆಲದ ಮೇಲೆ ನೆರಳು ಚೂಪಾಗಿ ಬಿದ್ದರೆ ಈ ಮೋಸ ನಡೆಯುವುದಿಲ್ಲ. 8 ಬಿಟ್ ಬಣ್ಣದಲ್ಲಿ ತೆಗೆದರೆ ಆಕಾಶ ಪಟ್ಟೆಪಟ್ಟೆಯಾಗುತ್ತದೆ, 10 ಬಿಟ್ ಇದ್ದರೆ ಅದನ್ನೇ ಬಳಸಿ. ಸ್ಟಡ್ಲೆಂಡ್ ಪೂರ್ವಕ್ಕೆ ಮುಖಮಾಡಿದ ತೀರ, ಮಲ್ಪೆ ಪಶ್ಚಿಮಕ್ಕೆ; ಬೆಳಗಿನ ಸೂರ್ಯ ತೆಂಗಿನ ಮರಗಳ ಕಡೆಯಿಂದ ಬರುತ್ತಾನೆಂಬುದನ್ನು ನೆನಪಿಟ್ಟು ನಡೆಯುವ ದಿಕ್ಕು ಗೊತ್ತುಮಾಡಿ.