ದುಡ್ಡು ಸಾಲದೆ ಊರಿಗೆ ಮರಳುವುದು ಅವಮಾನವೇ?

ಪ್ರಶ್ನೆ: ನನಗೆ 60 ವರ್ಷ, ಯಜಮಾನರಿಗೆ 63. ಇಪ್ಪತ್ತೈದು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಇಬ್ಬರೂ ಅಮೆರಿಕದ ಪೌರರು, ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದೆ. ಕಳೆದ ವರ್ಷ ಅವರ ಕೆಲಸ ಹೋಯಿತು. ಹಳೆಯ ಕಂಪನಿಯ ಆರೋಗ್ಯ ವಿಮೆಯನ್ನು ಪೂರ್ತಿ ಕಂತು ನಾವೇ ಕಟ್ಟಿ ಮುಂದುವರಿಸಿದ್ದೇವೆ, ಅದೂ ಸದ್ಯದಲ್ಲೇ ಮುಗಿಯುತ್ತದೆ. ಮನೆಸಾಲ, ತೆರಿಗೆ, ವಿಮೆ ಕಟ್ಟುವಷ್ಟರಲ್ಲಿ ತಿಂಗಳು ತಿಂಗಳೂ ಉಳಿತಾಯ ಕರಗುತ್ತಿದೆ. ಮನೆ ಮಾರಿ ಮೈಸೂರಿಗೆ ಹೋಗಿಬಿಡೋಣ ಎನ್ನುವುದು ಯಜಮಾನರ ಹಟ. ಅಕ್ಕ, ಭಾವ ಕುವೆಂಪುನಗರದಲ್ಲಿದ್ದಾರೆ. ಭಾವ ಆಗಲೇ ಬನ್ನೂರು ರಸ್ತೆಯಲ್ಲಿ ಒಂದೆಕರೆ ಜಮೀನು ನೋಡಿ, ‘ಸದ್ಯಕ್ಕೆ ನನ್ನ ಹೆಸರಲ್ಲಿರಲಿ, ಆಮೇಲೆ ನೋಡೋಣ’ ಎಂದಿದ್ದಾರೆ, ಅದು ಬೇಕೇ ಬೇಕೆಂದು ಯಜಮಾನರೂ ಪಟ್ಟು ಹಿಡಿದಿದ್ದಾರೆ. ಎಲ್ಲರಿಗೂ ನಾವು ಹೇಳಿರುವುದು ಊರಿನ ಸೆಳೆತ ಎಂದು. ನಿಜವಾದ ಕಾರಣ ಹೇಳಿಕೊಳ್ಳಲು ನಾಚಿಕೆ. ಸಿಯಾಟಲ್‌ನಲ್ಲಿರುವ ಮಗಳು ಬಸುರಿ. ‘ನನಗೆ ಬೇಕಾದ ಹೊತ್ತಿನಲ್ಲೇ ಬಿಟ್ಟು ಹೊರಟಿದ್ದೀರಿ’ ಎಂದು ಮಾತು ಬಿಟ್ಟಿದ್ದಾಳೆ. ಹೋಗಲೇ, ಬೇಡವೇ?

ಉತ್ತರ: ಹೋಗಿ. ಆದರೆ ಈಗಲೇ ಮನೆ ಮಾರಬೇಡಿ, ಜಮೀನಿನ ಗೊಡವೆಗೆ ಹೋಗಬೇಡಿ, ಎಲ್ಲಕ್ಕಿಂತ ಮೊದಲು ಕಾರಣವನ್ನು ಮುಚ್ಚಿಡುವುದನ್ನು ನಿಲ್ಲಿಸಿ. ನಿಮ್ಮ ಪತ್ರದಲ್ಲಿರುವ ತೊಡಕುಗಳಲ್ಲಿ ಅರ್ಧದಷ್ಟು ಆ ಮುಚ್ಚಿಡುವಿಕೆಯಿಂದಲೇ ಹುಟ್ಟಿಕೊಂಡಿವೆ ಎಂದು ನನಗೆ ತೋರುತ್ತದೆ.

ಊರಿನ ಸೆಳೆತಕ್ಕೆ ಮರಳುವವರು ಎಂದರೆ ಮೈಸೂರಿನ ಬಂಧುಗಳ ಕಣ್ಣಿಗೆ ಕಾಣುವುದು ಫ್ರೀಮಾಂಟ್‌ನ ಮನೆ ಮಾರಿ, ಡಾಲರನ್ನು ರೂಪಾಯಿಗೆ ಬದಲಾಯಿಸಿಕೊಂಡು, ಕೈತುಂಬ ಹಣ ಹಿಡಿದು ಬಂದವರು. ಅಂಥವರ ಬಳಿಗೆ ಸೋದರಳಿಯನ ಸೈಟಿನ ಮುಂಗಡ, ಯಾರದೋ ಮದುವೆಯ ಖರ್ಚು, ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ಒಂದರ ಹಿಂದೊಂದು ಬರುತ್ತವೆ, ಮತ್ತು ಪ್ರತಿ ಸಲವೂ ನೀವು ಇಲ್ಲವೆಂದಾಗ ಅದು ಜಿಪುಣತನವೆನಿಸಿಕೊಳ್ಳುತ್ತದೆಯೇ ಹೊರತು ಇಲ್ಲದಿರುವಿಕೆಯೆಂದು ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಭಾವನವರು ಜಮೀನು ನೋಡಿದ್ದೂ ಇದೇ ತಿಳಿವಳಿಕೆಯಿಂದ. ಅವರ ಮನಸ್ಸಿನಲ್ಲಿ ಕೆಟ್ಟದ್ದಿದೆ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಲೆಕ್ಕ ಅವರಿಗೆ ಗೊತ್ತಿದ್ದರೆ ಅವರು ಬಾಡಿಗೆ ಮನೆ ಹುಡುಕುತ್ತಿದ್ದರು.

ಇಪ್ಪತ್ತೈದು ವರ್ಷಗಳ ಹಿಂದೆ ಹೊರಟಾಗ ಹೆಚ್ಚಿನ ಸಂಬಳಕ್ಕಾಗಿ ಹೊರಟೆವು ಎನ್ನಲು ನೀವು ನಾಚಿರಲಿಕ್ಕಿಲ್ಲ. ಬರುವಾಗ ಕಡಿಮೆ ಖರ್ಚಿಗಾಗಿ ಬರುತ್ತಿದ್ದೇವೆ ಎನ್ನಲು ಏಕೆ ನಾಚಿಕೆ? ಮೆಕ್ಸಿಕೋದ ಚಪಾಲಾ ಸರೋವರದ ದಂಡೆಯಲ್ಲೋ ಪೋರ್ಚುಗಲ್‌ನಲ್ಲೋ ಹೋಗಿ ನೆಲೆಸುವ ಅಮೆರಿಕದ ನಿವೃತ್ತರಲ್ಲಿ ಅನೇಕರು, ನಮ್ಮ ಪಿಂಚಣಿಗೆ ಅಮೆರಿಕದ ಬಾಡಿಗೆ, ಔಷಧದ ಖರ್ಚು ಎಟುಕಲಿಲ್ಲ ಎಂದು ಯಾವ ಮುಜುಗರವೂ ಇಲ್ಲದೆ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲದ ಭಾಷೆಯ ನಾಡು ಅದು. ನಿಮಗೆ ಮೈಸೂರು ಹಾಗಲ್ಲ.

ಮಗಳ ವಿಷಯದಲ್ಲಿ ಈ ಮರೆಮಾಚುವಿಕೆ ಇನ್ನೂ ಹೆಚ್ಚು ನೋವು ಮಾಡಿದೆ. ಊರಿನ ಸೆಳೆತ ಎಂದು ಕೇಳಿದ ಅವಳಿಗೆ ಅರ್ಥವಾದದ್ದು, ಅಪ್ಪ ಅಮ್ಮನಿಗೆ ನನಗಿಂತ ಊರೇ ಹೆಚ್ಚು ಎಂದು. ಸಿಯಾಟಲ್‌ಗೆ ಹೋಗಿ, ಫೋನಿನಲ್ಲಲ್ಲ, ಎದುರು ಕುಳಿತು, ಬ್ಯಾಂಕಿನ ಪಟ್ಟಿ, ಸಾಲದ ಕಂತು, ವಿಮೆಯ ಕಂತು ಎಲ್ಲವನ್ನೂ ತೋರಿಸಿ. ನಮ್ಮ ಮನೆಯಲ್ಲೇ ಇರಿ ಎಂದು ಅವಳು ಹೇಳಬಹುದು. ಆ ಕ್ಷಣಕ್ಕೆ ಉತ್ತರ ಕೊಡಬೇಕಿಲ್ಲ, ಅವಳ ಗಂಡನಿಗೂ ಯೋಚಿಸಲು ಸಮಯ ಬೇಕು. ಒಂದನ್ನು ಮಾತ್ರ ಖಚಿತವಾಗಿ ಹೇಳಿ: ಬಾಣಂತನ ಮುಗಿಸದೆ ನೀವು ವಿಮಾನ ಹತ್ತುವುದಿಲ್ಲ. ಯಜಮಾನರು ಮುಂದೆ ಹೋಗಿ ಮನೆ ಹುಡುಕಲಿ.

ಇನ್ನು ಹಣದ ಮಾತು. ಮೈಸೂರಿಗೆ ಹೋಗುವುದರಿಂದ ಆಗುವ ದೊಡ್ಡ ಲಾಭ ಅಗ್ಗದ ತರಕಾರಿಯಲ್ಲ. ಅಮೆರಿಕದ ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿಯನ್ನು ಆತುರಪಟ್ಟು ತೆಗೆದುಕೊಳ್ಳಬೇಕಾಗಿ ಬರುವುದಿಲ್ಲ ಎನ್ನುವುದು. ನಿಮ್ಮ ಯಜಮಾನರು 63ಕ್ಕೇ ಅದನ್ನು ಶುರು ಮಾಡಿದರೆ ತಿಂಗಳ ಮೊತ್ತದಲ್ಲಿ ಸುಮಾರು ಕಾಲು ಭಾಗ ಜೀವನಪೂರ್ತಿ ಕಡಿತವಾಗುತ್ತದೆ, 67ಕ್ಕಾದರೆ ಪೂರ್ತಿ ಸಿಗುತ್ತದೆ, ಅಲ್ಲಿಂದ 70ರವರೆಗೆ ಕಾದರೆ ವರ್ಷಕ್ಕೆ ಶೇ 8ರಂತೆ ಹೆಚ್ಚುತ್ತದೆ. ಅಮೆರಿಕದ ಪೌರರಾದ್ದರಿಂದ ಭಾರತದಲ್ಲಿದ್ದರೂ ಅದು ಬರುತ್ತದೆ, ಮತ್ತು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ಅದರ ಮೇಲೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಕಡಿಮೆ ಖರ್ಚಿನ ಊರಿನಲ್ಲಿ ನಾಲ್ಕು ವರ್ಷ ದಾಟಿಸಿದರೆ ಮುಂದಿನ ಇಪ್ಪತ್ತು ವರ್ಷ ಸುಧಾರಿಸುತ್ತದೆ.

ಮನೆಯನ್ನು ಬಾಡಿಗೆಗೆ ಕೊಡಿ. ಮಾರುವ ದಿನದಿಂದ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ನೀವು ಅದರಲ್ಲಿ ವಾಸವಿದ್ದರೆ, ದಂಪತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದ ಕೇಂದ್ರ ತೆರಿಗೆ ಇಲ್ಲ. ಅಂದರೆ ನಿಮಗೆ ಸುಮಾರು ಮೂರು ವರ್ಷಗಳ ಕಾಲಾವಕಾಶವಿದೆ. ಭಾರತದಲ್ಲಿಯೂ ದೀರ್ಘಕಾಲ ಹೊರಗಿದ್ದು ಬಂದವರನ್ನು ಮೊದಲ ಎರಡು ಮೂರು ವರ್ಷ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂದು ಪರಿಗಣಿಸುವುದರಿಂದ, ಆ ಅವಧಿಯಲ್ಲಿ ಹೊರದೇಶದ ಆದಾಯಕ್ಕೆ ಬಹುತೇಕ ಇಲ್ಲಿ ತೆರಿಗೆ ಬೀಳುವುದಿಲ್ಲ. ಎರಡೂ ಗಡುವುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದು ನಿಲ್ಲುತ್ತವೆ. ಮೈಸೂರಿನಲ್ಲೇ ಉಳಿಯುವುದೋ ಅಮೆರಿಕಕ್ಕೆ ಮರಳುವುದೋ ಎನ್ನುವ ತೀರ್ಮಾನವನ್ನು ಅಷ್ಟರೊಳಗೆ ಮಾಡಿದರೆ ಸಾಕು. ಹೊರಡುವ ಮುನ್ನ ಎರಡೂ ದೇಶದ ಲೆಕ್ಕ ಬಲ್ಲ ಆಡಿಟರ್ ಒಬ್ಬರಿಗೆ ಶುಲ್ಕ ಕೊಟ್ಟು ಕೂರಿಸಿಕೊಳ್ಳಿ. ಈ ಖರ್ಚಿನಲ್ಲಿ ಜಿಪುಣತನ ಬೇಡ.

ಆರೋಗ್ಯದ ವಿಷಯ ಇಷ್ಟು ಸುಲಭವಲ್ಲ. ಅಮೆರಿಕದಲ್ಲಿ 65 ತುಂಬಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಭಾರತದ ಆಸ್ಪತ್ರೆಯ ಬಿಲ್ಲನ್ನು ಕೊಡುವುದಿಲ್ಲ. ಆದರೂ ಯಜಮಾನರಿಗೆ 65 ತುಂಬುವ ತಿಂಗಳು, ಅದರ ಹಿಂದಿನ ಮೂರು ಮತ್ತು ಮುಂದಿನ ಮೂರು ತಿಂಗಳೊಳಗೆ ಅದರಲ್ಲಿ ವೈದ್ಯರ ಶುಲ್ಕ ನೋಡಿಕೊಳ್ಳುವ ‘ಬಿ’ ಭಾಗಕ್ಕೆ ಸೇರದಿದ್ದರೆ, ತಡವಾದ ಪ್ರತಿ ಪೂರ್ತಿ ವರ್ಷಕ್ಕೆ ಶೇ 10ರಂತೆ ದಂಡ ಸೇರಿಸಿದ ಕಂತನ್ನು ಅವರು ಮುಂದೆ ಸದಾ ಕಟ್ಟಬೇಕಾಗುತ್ತದೆ, ಮೈಸೂರಿನಲ್ಲಿದ್ದೆವು ಎಂಬ ಸಬೂಬು ನಡೆಯುವುದಿಲ್ಲ. ಮೊಮ್ಮಗು ಅಲ್ಲಿರುವಾಗ, ಎಂಬತ್ತರ ಹತ್ತಿರ ಮತ್ತೆ ಅಲ್ಲಿಗೆ ಹೋಗಬೇಕಾಗಿ ಬರುವ ಸಾಧ್ಯತೆಯನ್ನು ನೀವು ಪೂರ್ತಿ ಅಲ್ಲಗಳೆಯಲಾರಿರಿ. ಆದ್ದರಿಂದ ಬಳಸದ ಕಂತನ್ನು ಕಟ್ಟುವುದು ಬೇಸರವೆನಿಸಿದರೂ ಕಟ್ಟುವುದೇ ಮೇಲು ಎಂದು ನನ್ನ ಅಭಿಪ್ರಾಯ. ಮೈಸೂರಿಗೆ ಬಂದ ಮೊದಲ ತಿಂಗಳಲ್ಲೇ ಇಲ್ಲಿನ ಆರೋಗ್ಯ ವಿಮೆಯನ್ನೂ ಮಾಡಿಸಿ. 2024ರ ನಿಯಮದಂತೆ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವಿಮಾ ಕಂಪನಿ ಮೂರು ವರ್ಷದವರೆಗೆ ಕಾಯಿಸಬಹುದು. ಇಂದು ಶುರುವಾದರೆ ಆ ಕಾಯುವಿಕೆ ಅಷ್ಟು ಬೇಗ ಮುಗಿಯುತ್ತದೆ.

ಜಮೀನು ಬೇಡವೇ ಬೇಡ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದದ್ದು ನಿಜ. ಆದರೆ ವಿದೇಶಿ ವಿನಿಮಯದ ನಿಯಮಗಳು ಬೇರೆ. ಅವುಗಳ ಪ್ರಕಾರ ಓಸಿಐ ಕಾರ್ಡಿನವರು ವಾಸದ ಮನೆ, ಫ್ಲ್ಯಾಟ್ ಕೊಳ್ಳಬಹುದೇ ಹೊರತು ಕೃಷಿ ಜಮೀನು, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ನಿಮ್ಮ ಹಣ, ಭಾವನ ಹೆಸರು ಎನ್ನುವ ಏರ್ಪಾಡು ಬೇನಾಮಿ ಕಾನೂನಿಗೆ ಸಿಕ್ಕಿಕೊಳ್ಳಬಹುದು. ಕಾನೂನು ಹಾಗಿರಲಿ, ನಾಳೆ ಭಾವನ ಮಕ್ಕಳು ಪಹಣಿ ತೆಗೆಸಿ ನೋಡಿದಾಗ ಅಲ್ಲಿ ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ. ಅಕ್ಕತಂಗಿಯರ ನಡುವೆ ಮಾತು ನಿಲ್ಲುವುದಕ್ಕೆ ಇಷ್ಟೇ ಸಾಕು.

ಆದರೆ ಯಜಮಾನರು ಈ ಒಂದೆಕರೆಗೆ ಅಷ್ಟು ಹಟ ಹಿಡಿಯುವುದೇಕೆಂದು ಯೋಚಿಸಿದ್ದೀರಾ? ಅರವತ್ತೆರಡರಲ್ಲಿ ಕೆಲಸ ಕಳೆದುಕೊಂಡ ಮನುಷ್ಯನಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕು, ಊರಿನವರು ಕೇಳಿದರೆ ಇದನ್ನು ಮಾಡುತ್ತಿದ್ದೇನೆ ಎನ್ನಲು ಒಂದು ಉತ್ತರ ಬೇಕು. ಅದನ್ನು ಬರಿಯ ಹಟವೆಂದು ಕರೆದರೆ ಅವರು ಇನ್ನಷ್ಟು ಬಿಗಿಯುತ್ತಾರೆ. ನಾಲ್ಕು ತೆಂಗು, ಒಂದಿಷ್ಟು ಸೊಪ್ಪು ಬೆಳೆಯಬಹುದಾದ ಹಿತ್ತಲಿರುವ ಹಳೆಯ ಮನೆಗಳು ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಬಾಡಿಗೆಗೆ ಸಿಕ್ಕಾವು. ಬಾಡಿಗೆ ನೀವು ಬಿಟ್ಟುಬಂದ ಕಾಲದ ಮೈಸೂರಿನದ್ದಾಗಿರುವುದಿಲ್ಲ, ನಿವೃತ್ತರ ಸ್ವರ್ಗ ಎಂಬ ಹೆಸರಿಗೂ ಈಗ ಬೆಲೆ ಕಟ್ಟುತ್ತಾರೆ. ಅಕ್ಕನ ಮನೆಗೆ ನಡೆದು ಹೋಗುವಷ್ಟು ಹತ್ತಿರವಿರಲಿ, ಅದೇ ಬೀದಿ ಬೇಡ. ಮೊದಲ ಕರಾರು ಎಲ್ಲರೂ ಮಾಡುವಂತೆ 11 ತಿಂಗಳದ್ದೇ ಆಗಲಿ, ಮತ್ತು ಅದಕ್ಕೆ ಸಹಿ ಹಾಕುವ ಮೊದಲು ಅಕ್ಕನಿಗೆ ಫೋನು ಮಾಡಿ, ತಿಂಗಳಿಗೆ ನಾವು ಎಷ್ಟು ಖರ್ಚು ಮಾಡಬಲ್ಲೆವು ಎಂದು ರೂಪಾಯಿಯ ಲೆಕ್ಕದಲ್ಲೇ ಹೇಳಿಬಿಡಿ.